ಗೆರೆ ಇಲ್ಲದ ಇಪ್ಪತ್ತೆರಡು ನಿಮಿಷ

ಬೆಳಗ್ಗೆ ಎಂಟು ಹನ್ನೆರಡಕ್ಕೆ ಮುನ್ನೂರ ಹದಿನೇಳರ ಗೆರೆ ಸತ್ತಿತು.

ನೀಲಗಂಗಾಳ ಎದುರಿನ ಪರದೆಯಲ್ಲಿ ಇಪ್ಪತ್ತನಾಲ್ಕು ಗೆರೆಗಳು ಓಡುತ್ತಿದ್ದವು. ಒಂದೊಂದು ಗೆರೆಯೂ ಹುಬ್ಬಳ್ಳಿಯ ಯಾವುದೋ ಓಣಿಯಲ್ಲಿ ಲಕ್ವಾ ಹೊಡೆದು ಬಿದ್ದು ಎದ್ದ ಒಬ್ಬರ ಕೈ. ಚಹಾ ಕುಡಿಯುವ ಕೈ ಗುಡ್ಡದಂತೆ ಏರುತ್ತಿತ್ತು, ನಿದ್ದೆಯಲ್ಲಿರುವ ಕೈ ಸಪಾಟಾಗಿ ಮಲಗಿರುತ್ತಿತ್ತು. ಮುನ್ನೂರ ಹದಿನೇಳು ಮಾತ್ರ ದಿನವೂ ಇದೇ ಹೊತ್ತಿಗೆ ಪೂರ್ತಿ ಅಳಿಸಿಹೋಗಿ, 'ಪಟ್ಟಿ ಬಿಚ್ಚಲಾಗಿದೆ' ಎಂಬ ಕೆಂಪು ಅಕ್ಷರ ಉಳಿಸಿ, ಎಂಟು ಮೂವತ್ತನಾಲ್ಕಕ್ಕೆ ಮರಳುತ್ತಿತ್ತು.

"ನಿಮ್ಮ ಗಡಿಯಾರ ಹೋತು ನೋಡ್ರಿ," ಎಂದು ಹಿಂದಿನಿಂದ ಡಾಕ್ಟರ್ ಫರ್ಜಾನಾ ಮುಲ್ಲಾ ನಕ್ಕಳು. ಲಕ್ವಾ ರೋಗಿಗಳ ಕೈ ಕಾಯುವ ಈ ಕೇಂದ್ರದ ಮುಖ್ಯಸ್ಥೆ ಅವಳು. "ಇವ್ರನ್ನ ನೋಡಿ ನಾ ನನ್ನ ಗಡಿಯಾರ ಹೊಂದಿಸ್ಕೋತೀನಿ. ಏನ್ ಮಾಡ್ತಾರೋ ಏನೋ ಅಷ್ಟೊತ್ತು."

"ಜಳಕ ಇರಬೇಕ್ರಿ ಮೇಡಂ," ಅಂದಳು ನೀಲಗಂಗಾ.

ಸುಳ್ಳು. ಜಳಕ ನಸುಕಿನಲ್ಲೇ, ಪಟ್ಟಿ ಕಟ್ಟುವ ಮುಂಚೆ ಮುಗಿದಿರುತ್ತದೆಂದು ಅವಳಿಗೆ ಗೊತ್ತಿತ್ತು. ಈಗ ಹಣೆಗೆ ವಿಭೂತಿ ಹಚ್ಚಿಕೊಂಡು, ಕೊರಳಿನ ಕರಡಿಗೆಯಿಂದ ಲಿಂಗ ತೆಗೆದು, ಪೂಜೆಗೆ ಕೂಡುವ ಹೊತ್ತು. ಕರೆಂಟಿನ ಸಾಮಾನು ಮೈಗೆ ಕಟ್ಟಿಕೊಂಡು ಲಿಂಗಪೂಜೆಗೆ ಕೂಡಬಾರದೆಂಬುದು ಅವಳ ಅತ್ತೆಯ ಕಟ್ಟಪ್ಪಣೆ. ಮುನ್ನೂರ ಹದಿನೇಳು ಎಂದರೆ ಅವಳ ಗಂಡ ಮಡಿವಾಳಪ್ಪ.

ಪರದೆಯ ಮೇಲೆ ಹೆಸರಿರುವುದಿಲ್ಲ. ತಮ್ಮ ಮನೆಯವರ ಗೆರೆಯನ್ನು ಯಾರೂ ಕಾಯಬಾರದು ಎಂಬುದು ಕೇಂದ್ರದ ಮೊದಲ ನಿಯಮ. ಆದರೆ ಒಂದೂವರೆ ತಿಂಗಳ ಕೆಳಗೆ ಕಾಯುವವರ ನಡುವೆ ಗೆರೆಗಳ ಸಾಲುಗಳನ್ನು ಅದಲುಬದಲು ಮಾಡಿದಾಗ ಈ ಗೆರೆ ಅವಳ ಪಾಲಿಗೆ ಬಂದಿತ್ತು. ಮೊದಲ ದಿನವೇ ಆ ಇಪ್ಪತ್ತೆರಡು ನಿಮಿಷದ ತೂತು ನೋಡಿ ಅದು ಯಾರ ಕೈಯೆಂದು ಅವಳಿಗೆ ತಿಳಿದಿತ್ತು. ಹೇಳಬೇಕಿತ್ತು. ಹೇಳಲಿಲ್ಲ.

ಲಕ್ವಾ ಹೊಡೆದಾಗ ಕೈ ಸಾಯುವುದಿಲ್ಲ, ಕೈಗೆ ಹೋಗುವ ದಾರಿ ಕುಸಿಯುತ್ತದೆ. ಆಸರೆಪಟ್ಟಿ ಮಾಡುವುದು ಇಷ್ಟು: ಕಿವಿಯ ಹಿಂದೆ ಅಂಟಿಸಿದ ಬಿಲ್ಲೆ ಮಿದುಳಿನ ಇಚ್ಛೆಯನ್ನು ಓದುತ್ತದೆ, ತೋಳಿಗೆ ಕಟ್ಟಿದ ಪಟ್ಟಿ ಸಣ್ಣಗೆ ಕರೆಂಟು ಹಾಯಿಸಿ ಸ್ನಾಯುವನ್ನು ಎಬ್ಬಿಸುತ್ತದೆ. ಮೊದಲ ದಿನ ನೂರಕ್ಕೆ ತೊಂಬತ್ತು ಪಾಲು ಪಟ್ಟಿಯದು, ಹತ್ತು ಮನುಷ್ಯನದು. ವಾರವಾರವೂ ಪಟ್ಟಿಯ ಪಾಲನ್ನು ಇಳಿಸುತ್ತ ಹೋಗಬೇಕು. ಇಳಿಸಿದಾಗ ಲೋಟ ಜಾರುತ್ತದೆ. ಜಾರಲೇಬೇಕು. ಜಾರಿದ ಪ್ರತಿ ಸಲವೂ ಮಿದುಳು ಕುಸಿದ ದಾರಿಯ ಪಕ್ಕದಲ್ಲಿ ಒಂದು ಕಾಲುದಾರಿ ತುಳಿಯುತ್ತದೆ. ನೂರು ದಿನದೊಳಗೆ ತುಳಿದಷ್ಟೇ ದಾರಿ. ಆಮೇಲೆ ನೆಲ ಗಟ್ಟಿಯಾಗುತ್ತದೆ. ಪಟ್ಟಿಯೂ ಸರದಿಯಲ್ಲಿ ಕಾದಿರುವ ಇನ್ನೊಬ್ಬರ ತೋಳಿಗೆ ಹೋಗುತ್ತದೆ.

ಕಾಯುವವರ ಕೈಲಿ ಇರುವುದು ಒಂದೇ ಗುಂಡಿ. ತುರ್ತು ಆಸರೆ. ಯಾರಾದರೂ ಮೆಟ್ಟಿಲಿನಲ್ಲಿ ಕಂಬಿ ಬಿಟ್ಟು ಬೀಳುವಂತಿದ್ದರೆ ಅದನ್ನು ಒತ್ತಬೇಕು. ಹತ್ತು ಸೆಕೆಂಡು ಪೂರ್ತಿ ಬಲ ಪಟ್ಟಿಯಿಂದ ಹರಿಯುತ್ತದೆ. ಆ ಹತ್ತು ಸೆಕೆಂಡು ಪಟ್ಟಿಯ ಪಾಲಿನ ವಾರದ ಅಂಕಿಯಲ್ಲಿ ಸೇರುವುದಿಲ್ಲ; ಆಗ ಎತ್ತಿದ್ದೆಲ್ಲ ಮನುಷ್ಯನದೇ ಬಲ ಎಂದು ದಾಖಲಾಗುತ್ತದೆ.

ಮೊದಲ ಸಲ ಅವಳು ಒತ್ತಿದ್ದು ಒಂದು ಬಸಿ ಚಹಾಕ್ಕೆ. ಹಿಂದಿನ ಸಂಜೆ ಮಡಿವಾಳಪ್ಪ ಹಟಮಾಡಿ ಎಡಗೈಯಲ್ಲಿ ಬಸಿ ಹಿಡಿದು, ಬಿಸಿ ಚಹಾ ತೊಡೆಯ ಮೇಲೆ ಚೆಲ್ಲಿಕೊಂಡು, ನೋಡಲು ಬಂದಿದ್ದ ಬೀಗರ ಎದುರು ಜೋರಾಗಿ ನಕ್ಕಿದ್ದ. ಅವರು ಹೋದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದ. ಮರುದಿನ ಬೆಳಗ್ಗೆ ಏಳೂ ನಲವತ್ತಕ್ಕೆ ಗೆರೆ ಏರಲಾರದೆ ಏರತೊಡಗಿದಾಗ, ಅದು ಅದೇ ಬಸಿ ಎಂದು ಅವಳಿಗೆ ತಿಳಿಯಿತು. ಬೆರಳು ತಾನಾಗಿ ಹೋಯಿತು. ಸಂಜೆ ಮನೆಗೆ ಬಂದರೆ ಅವನ ಮುಖವೇ ಬೇರೆ. "ನೀಲಾ, ಇವತ್ತ ಒಂದ ಹನಿ ಚೆಲ್ಲಿಲ್ಲ!" ಆ ಮಾತು ಕೇಳಿದ ಮೇಲೆ ಎರಡನೆಯ ಸಲ ಒತ್ತುವುದು ಕಷ್ಟವಾಗಲಿಲ್ಲ. ನೂರನೆಯದು ನೆನಪೇ ಉಳಿಯಲಿಲ್ಲ.

ಇಂದು ಅರವತ್ತೆಂಟನೆಯ ದಿನ. ಕೇಂದ್ರದ ದಾಖಲೆಯಲ್ಲಿ ಮುನ್ನೂರ ಹದಿನೇಳರ ಆಸರೆ: ಇಪ್ಪತ್ತು.

*

ಸಂಜೆ ಅವಳು ಮನೆ ಮುಟ್ಟಿದಾಗ ಮಡಿವಾಳಪ್ಪ ಅಡುಗೆಮನೆಯ ಬಚ್ಚಲ ಕಲ್ಲಿನ ಮುಂದೆ ಸ್ಟೂಲು ಹಾಕಿಕೊಂಡು ತಾಟು ತೊಳೆಯುತ್ತಿದ್ದ. ಎಡಗೈಯಲ್ಲಿ ತಾಟು ನಿಲ್ಲುತ್ತಿರಲಿಲ್ಲ. ಬಿದ್ದು ಬಿದ್ದು ಠಣ್ ಎನ್ನುತ್ತಿತ್ತು. ಆರು ಅಡಿ ಎತ್ತರದ ಆಳು. ಹದಿನೆಂಟು ವರ್ಷ ವ್ಯಾಗನ್ ದುರಸ್ತಿಯ ಕಾರ್ಖಾನೆಯಲ್ಲಿ ನೆತ್ತಿಯ ಮೇಲೆ ಓಡುವ ಕ್ರೇನು ನಡೆಸಿದವನು. ಅತ್ತೆ ಗುರಸಿದ್ದವ್ವ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತ ಅದನ್ನು ನೋಡುತ್ತಿದ್ದಳು.

"ಅತ್ತಿ, ಇದೇನ್ರಿ!" ನೀಲಗಂಗಾ ಚೀಲ ಒಗೆದು ತಾಟು ಕಸಿದುಕೊಂಡಳು. "ಕೈಲಾಗದ ಮಗನ್ನ ಮುಸುರಿ ತಿಕ್ಕಾಕ ಹಚ್ಚೀರಲ್ಲ, ಕರುಳು ಐತೋ ಇಲ್ಲೋ ನಿಮಗ?"

"ಅಂವಾ ಉಂಡ ತಾಟು ಅವನs ತೊಳೀತಾನ. ಅಂವಾ ಏನ್ ಕೂಸs?"

"ನೀವು ಏಳ್ರಿ. ನಾ ಮಾಡ್ತೀನಿ," ಅಂದಳು ನೀಲಗಂಗಾ ಗಂಡನಿಗೆ.

"ನೀ ಎಲ್ಲಾ ಮಾಡ್ತಿ ಬಿಡು," ಎಂದಳು ಮುದುಕಿ, ಕಾಯಿಯ ಮೇಲಿನ ಕಣ್ಣು ತೆಗೆಯದೆ. "ನಾಳಿಗೆ ಅವನ ಪಾಲಿನ ಉಸಿರೂ ನೀನ ಬಿಡ್ತಿ."

ಮಡಿವಾಳಪ್ಪ ನಕ್ಕ. "ಹಗಲಿಗೊಂದ ಕೈ, ಸಂಜಿಗೊಂದ ಕೈ ಆಗೇತಿ ನಂದು. ಮುಂಜಾನಿಂದ ಮಧ್ಯಾಹ್ನದ ತನಕ ಹುಲಿ. ಮೂರು ಹೊಡೀತೋ ಇಲ್ಲೋ, ಸತ್ತ ಹಾವು."

ಮೂರಕ್ಕೆ ಅವಳ ಪಾಳಿ ಮುಗಿಯುತ್ತಿತ್ತು. ನೀಲಗಂಗಾ ತಾಟನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ತೊಳೆದಳು. "ದಣಿವು ಇರ್ತೈತ್ರಿ. ಡಾಕ್ಟರು ಹೇಳ್ಯಾರಲ್ಲ."

"ಅದs. ದಣಿವು." ಅವನು ಬಲಗೈಯಿಂದ ಜೇಬಿನ ಕಾಗದ ತೆಗೆದ. "ಓದು. ಸೋಮವಾರ ಹತ್ತಕ್ಕ ಟ್ರಯಲ್. ಅಂಕಿ ಇಪ್ಪತ್ತಕ್ಕ ಇಳಿದವರನ್ನ ಕೆಲಸಕ್ಕ ತಗೋಬಹುದಂತ. ಹೊಸ ಶೆಡ್ಡಿನ ಕ್ರೇನು ತಾವ ಓಡತಾವು, ಹಳೇ ಶೆಡ್ಡಿಗೆ ಇನ್ನೂ ಮನಷ್ಯಾ ಬೇಕು. ಪಾಸಾದ್ರ ಮ್ಯಾಲ ಕ್ಯಾಬಿನ್ನು. ಇಲ್ಲಂದ್ರ ಸ್ಟೋರಿನ್ಯಾಗ ನಟ್ಟು ಬೋಲ್ಟು ಎಣಿಸ್ಕೋತ ಕೂಡೂದು."

ಅವಳ ಕೈಯಿಂದ ತಾಟು ಜಾರಿತು. ಕ್ರೇನಿನ ಕೆಲಸ ಅವಳಿಗೆ ಗೊತ್ತಿತ್ತು. ಬಲಗೈ ಹಿಡಿಕೆ ಎತ್ತಿ ಇಳಿಸುತ್ತದೆ, ಎಡಗೈ ಹಿಡಿಕೆ ಇಡೀ ಕ್ರೇನನ್ನು ಶೆಡ್ಡಿನ ಉದ್ದಕ್ಕೂ ಓಡಿಸುತ್ತದೆ. ಕೊಕ್ಕೆಯಲ್ಲಿ ವ್ಯಾಗನ್ನಿನ ಮೈ ನೇತಾಡುತ್ತಿರುತ್ತದೆ, ಕೆಳಗೆ ಅದನ್ನು ಗಾಲಿಗೆ ಹೊಂದಿಸಲು ನಾಲ್ಕು ಜನ ಅದರ ನೆರಳಿನಲ್ಲೇ ನಿಂತಿರುತ್ತಾರೆ.

"ಇಷ್ಟ ಲಗೂನ ಯಾಕ್ರಿ? ಇನ್ನೊಂದ ತಿಂಗಳ ಬಿಟ್ಟು..."

"ಆಗ ಪಟ್ಟಿ ಇರೂದಿಲ್ಲಲ್ಲ, ಅಂಕಿ ಯಾರ ತೋರಸ್ತಾರ?" ಅವನ ದನಿಯಲ್ಲಿ ಹಿಗ್ಗು ಇರಬೇಕಿತ್ತು. ಇರಲಿಲ್ಲ. ಅವನು ತಾಯಿಯ ಕಡೆ ನೋಡಿದ, ತಾಯಿ ಅವರೆಕಾಯಿಯ ಕಡೆ ನೋಡಿದಳು. ಆ ನೋಟ ಏನೆಂದು ನೀಲಗಂಗಾಳಿಗೆ ತಿಳಿಯಲಿಲ್ಲ. ಹೆದರಿಕೆ ಇರಬೇಕು ಅಂದುಕೊಂಡಳು.

*

ಶನಿವಾರ ಡಾಕ್ಟರ್ ಮುಲ್ಲಾ ಕುರ್ಚಿ ಎಳೆದುಕೊಂಡು ಅವಳ ಪಕ್ಕದಲ್ಲೇ ಕೂತಳು. ಕೈಯಲ್ಲಿ ಒಂದು ಹಾಳೆ.

"ನೀಲಗಂಗಾ, ತುರ್ತು ಗುಂಡಿಯ ಲೆಕ್ಕ ತೆಗಿಸಿದೆ. ಎಲ್ಲಾ ಸಾಲಿನಲ್ಲೂ ದಿನಕ್ಕೆ ಎರಡು, ಮೂರು. ನಿಮ್ಮ ಸಾಲಿನಲ್ಲಿ ಒಬ್ಬರಿಗೇ ಒಂದೂವರೆ ತಿಂಗಳಲ್ಲಿ ನಾನೂರ ಹನ್ನೊಂದು. ಅಷ್ಟು ಸಲ ಬೀಳಾಕ ಮನುಷ್ಯಾ ಏನ್ ದೊಂಬರಾಟ ಆಡ್ತಾನೇನು?"

ನೀಲಗಂಗಾ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಪಟ್ಟಿ ಸಡಿಲ ಇರಬೇಕ್ರಿ. ಬೀಳೂ ಹಂಗ ತೋರಸ್ತೈತಿ."

"ಹೌದಾ." ಮುಲ್ಲಾ ಅವಳನ್ನು ನೋಡುತ್ತಲೇ ಇದ್ದಳು. "ಸಡಿಲ ಇದ್ರ ಆ ಇಪ್ಪತ್ತು ಅನ್ನೂ ಅಂಕಿನೂ ಸುಳ್ಳು. ಮಂಗಳವಾರ ಕರಿಸಿ ನಾನೇ ತಪಾಸಣಿ ಮಾಡ್ತೀನಿ."

ಮಂಗಳವಾರ. ಟ್ರಯಲ್ ಸೋಮವಾರ. ಪರದೆಯಲ್ಲಿ ಮುನ್ನೂರ ಹದಿನೇಳು ಊಟಕ್ಕೆ ಕೂತಿತ್ತು. ನೀರಿನ ಲೋಟ ಎತ್ತುವ ಗೆರೆ ಏರಲಾರದೆ ನಡುಗುತ್ತಿತ್ತು. ಅವಳು ಮೇಜಿನ ಕೆಳಗೆ ಬೆರಳುಗಳನ್ನು ಹೆಣೆದು ಹಿಡಿದಳು. ಮುಲ್ಲಾ ಎದ್ದು ಹೋದಳು. ಬೆರಳು ಬಿಚ್ಚಿಕೊಂಡವು. ಅವಳು ಒತ್ತಿದಳು.

*

ಭಾನುವಾರ ಅವಳಿಗೆ ರಜೆ. ರಜೆಯ ದಿನ ಬೆಳಗ್ಗೆ ಅತ್ತೆ ಅವಳನ್ನು ತಪ್ಪದೆ ಜೋಳದ ಚೀಲ ಕೊಟ್ಟು ಗಿರಣಿಗೆ ಅಟ್ಟುತ್ತಿದ್ದಳು. ಅಂದೂ ಅಟ್ಟಿದಳು. ಆದರೆ ಗಿರಣಿಯ ಪಟ್ಟಾ ಹರಿದು, ಬಾಗಿಲು ಅರ್ಧ ಮುಚ್ಚಿತ್ತು. ಹೊತ್ತ ಜೋಳವನ್ನು ಹಾಗೇ ಹೊತ್ತುಕೊಂಡು ಬಂದಾಗ ಎಂಟೂ ಇಪ್ಪತ್ತು.

ಪೂಜೆಯ ಕೋಣೆಯ ಬಾಗಿಲು ಓರೆಯಾಗಿ ಮುಚ್ಚಿತ್ತು. ಒಳಗಿನಿಂದ ಗಂಡನ ಉಸಿರು ಕೇಳಿಸಿತು, ಭಾರ ಎತ್ತುವವನ ಉಸಿರು. ಅವಳು ಬಾಗಿಲ ಸಂದಿಯಲ್ಲಿ ಕಣ್ಣಿಟ್ಟಳು.

ಮಡಿವಾಳಪ್ಪ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಬರಿ ಮೈ, ಹಣೆಗೆ ವಿಭೂತಿ. ಲಿಂಗ ಹಿಡಿಯುವುದು ಎಡ ಅಂಗೈಯಲ್ಲಿ. ಅವನ ಹಾಳಾದ ಕೈಯೂ ಅದೇ. ಆ ಕೈ ಎದೆಯ ಮುಂದೆ ಚಾಚಿತ್ತು, ಅಂಗೈಯಲ್ಲಿ ಲಿಂಗ ಇತ್ತು, ಕೈ ಮಳೆಗೆ ಸಿಕ್ಕ ಎಲೆಯಂತೆ ಅಲುಗುತ್ತಿತ್ತು. ಅದರ ಕೆಳಗೆ ಒಂದು ಗೇಣೂ ಇಲ್ಲದಷ್ಟು ಅಂತರದಲ್ಲಿ ಗುರಸಿದ್ದವ್ವ ತನ್ನ ಎರಡೂ ಕೈಗಳನ್ನು ಬೊಗಸೆ ಮಾಡಿ ಹಿಡಿದಿದ್ದಳು. ಮಗನ ಕೈ ಎಡಕ್ಕೆ ವಾಲಿದರೆ ಬೊಗಸೆಯೂ ಎಡಕ್ಕೆ ಸರಿಯುತ್ತಿತ್ತು. ಬಲಕ್ಕೆ ವಾಲಿದರೆ ಬಲಕ್ಕೆ. ಮುಟ್ಟುತ್ತಿರಲಿಲ್ಲ.

ಲಿಂಗ ಅಂಗೈಯ ಅಂಚಿಗೆ ಜಾರಿತು. ನೀಲಗಂಗಾ ಜೋಳ ಚೆಲ್ಲಿ ಒಳಗೆ ನುಗ್ಗಿ ಗಂಡನ ಮಣಿಕಟ್ಟನ್ನು ಹಿಡಿದಳು.

"ಮುಟ್ಟಬ್ಯಾಡ!" ಮುದುಕಿ ಮೊಣಕೈಯಿಂದ ಅವಳನ್ನು ಹಿಂದಕ್ಕೆ ನೂಕಿದಳು. ಲಿಂಗ ಅತ್ತೆಯ ಬೊಗಸೆಯಲ್ಲಿ ಬಿತ್ತು. ಮುದುಕಿ ಅದನ್ನು ಕಣ್ಣಿಗೊತ್ತಿಕೊಂಡು ಮತ್ತೆ ಮಗನ ಅಂಗೈಯಲ್ಲಿಟ್ಟಳು. "ಇವತ್ತ ಇದು ಎರಡನೇ ಸಲ. ಮೊದಲ ದಿನ ಹದಿನೇಳ ಸಲ ಬಿದ್ದಿತ್ತು. ನೆಲ ಮುಟ್ಟಿಸಿಲ್ಲ ನಾ."

ಮಡಿವಾಳಪ್ಪ ಹೆಂಡತಿಯನ್ನು ನೋಡಲಿಲ್ಲ. "ನೋಡಬಾರದಿತ್ತು ನೀ."

"ಯಾವಾಗಿಂದ ಇದು?"

"ಪಟ್ಟಿ ಕಟ್ಟಿದ ದಿನದಿಂದ." ಅವನ ಹಣೆಯ ಬೆವರಿಗೆ ವಿಭೂತಿ ಕರಗಿ ಹುಬ್ಬಿಗೆ ಇಳಿದಿತ್ತು. "ಚಾದ ಬಸಿ ಹಿಡೀತೈತಿ ಈ ಕೈ. ಅಂಗಿ ಗುಂಡಿ ಹಾಕ್ತೈತಿ. ಎಂಬತ್ತ ಪಾಲು ನಿಂದs ಬಲ ಅಂತ ಮಶೀನ್ ಹೇಳ್ತೈತಿ. ಮತ್ತ ಬೆರಳಷ್ಟು ಲಿಂಗ ಯಾಕ ಹಿಡೀವಲ್ದು? ಒಳಗ ನಂದೇನೋ ಕೆಟ್ಟೈತಿ ನೀಲಾ. ಕೈಯಾಗಲ್ಲ, ಇನ್ನೂ ಒಳಗ. ಶಿವನ್ನ ಬಿಟ್ಟು ಮಿಕ್ಕಿದ್ದಕ್ಕೆಲ್ಲಾ ಏಳೂ ಕೈ ಅಂದ್ರ ಎಂಥಾ ಕೈ ಅದು? ಯಾರಿಗೂ ಹೇಳಬ್ಯಾಡಂತ ಅವ್ವಗ ಆಣಿ ಹಾಕೀನಿ."

ಎಪ್ಪತ್ತು ದಿನ. ಅವನು ದಿನವೂ ಇಲ್ಲಿ ಕೂತು ತಾನು ಕೆಟ್ಟವನೆಂದು ನಂಬುತ್ತ ಬಂದಿದ್ದ. ಕೇಂದ್ರದಲ್ಲಿ ಕೂತ ಅವಳಿಗೆ ಅದು ಒಂದು ಕೆಂಪು ಅಕ್ಷರದ ಸಾಲಾಗಿತ್ತು. ಎದ್ದು ಚಹಾ ಕುಡಿದು ಬರುವ ಬಿಡುವಾಗಿತ್ತು.

ಅವಳು ಗೋಡೆಗೆ ಒರಗಿ ಕುಸಿದು ಕೂತಳು. "ಬಸಿ ಹಿಡಿದದ್ದು ನಿಮ್ಮ ಕೈ ಅಲ್ರಿ."

"ಅಂದ್ರ?"

"ನಂದು. ನಾ ಕೇಂದ್ರದಾಗ ಕುಂತು ತುರ್ತು ಗುಂಡಿ ಒತ್ತತಿದ್ದೆ. ಅಂಗಿ ಗುಂಡಿ ಹಾಕಿದ್ದೂ ನಾನs. ನಿಮ್ಮ ಗೆರಿ ನನ್ನ ಮೇಜಿನ ಮ್ಯಾಲ ಬರ್ತೈತಿ. ಅಂಕಿ ಇಪ್ಪತ್ತಲ್ಲ."

ಅವನು ಬಲಗೈಯಿಂದ ಲಿಂಗವನ್ನು ಕರಡಿಗೆಯಲ್ಲಿಟ್ಟು ಮುಚ್ಚಳ ಹಾಕಿದ. ತುಂಬ ನಿಧಾನವಾಗಿ.

"ಖರೇ ಅಂಕಿ ಎಷ್ಟು?"

"ಎಪ್ಪತ್ತು. ಒತ್ತಿದ್ದನ್ನೆಲ್ಲಾ ಕಳದು ನಾನs ಲೆಕ್ಕ ಹಾಕೀನಿ."

"ಅಂದ್ರ ನಂದು ಮೂವತ್ತು."

"ಹೂಂ."

"ನಾಳೆ ನಾ ವ್ಯಾಗನ್ ಎತ್ತಿದಾಗ ನೀ ಒತ್ತಾಕಿ ಇದ್ದಿ. ಆತು. ಮಧ್ಯಾಹ್ನ ಮೂರರ ಮ್ಯಾಲ? ನೂರು ದಿನ ಆದ ಮ್ಯಾಲ? ಕೆಳಗ ಚಂದ್ರಾಮಪ್ಪನ ಮಗ ನಿಂತಿರ್ತಾನ, ಗೊತ್ತೇನ ನಿನಗ? ಮುಂದಿನ ತಿಂಗಳ ಮದವಿ ಅವಂದು."

ಅವನು ಗೋಡೆ ಹಿಡಿದು ಎದ್ದ. ಅವಳು ತಾನಾಗಿ ಕೈ ಚಾಚಿದಳು. ಅವನು ಆ ಕೈಯನ್ನು ನೋಡಿದ ರೀತಿಗೆ ಅವಳೇ ಹಿಂದಕ್ಕೆ ತೆಗೆದುಕೊಂಡಳು.

"ಟ್ರಯಲ್ ಬ್ಯಾಡಂತ ಹೇಳಿಬಿಡ್ರಿ," ಎಂದಳು.

"ನಾ ಹೋಗಾಂವ." ಅಷ್ಟೇ. ಅಂದು ಮತ್ತೆ ಅವನು ಅವಳೊಂದಿಗೆ ಮಾತಾಡಲಿಲ್ಲ.

*

ಸೋಮವಾರ ಒಂಬತ್ತೂವರೆಗೆ ಅವಳು ಮುಲ್ಲಾಳ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದಳು. ಮುಲ್ಲಾ ಮಾತು ಮುಗಿದ ಕೂಡಲೆ ಕಾರ್ಖಾನೆಗೆ ಫೋನು ಹಚ್ಚಿದಳು. ಶೆಡ್ಡಿನಲ್ಲಿ ಯಾರೂ ಎತ್ತಲಿಲ್ಲ. ಕಚೇರಿಯವರು ಎತ್ತಿದರು, ನೋಡಿ ಬರುತ್ತೇವೆಂದರು, ನೋಡಿ ಬಂದು, ಮಡಿವಾಳಪ್ಪ ಆಗಲೇ ಏಣಿ ಹತ್ತಿಯಾಯಿತು ಎಂದರು.

"ಇಳಿಸ್ರಿ ಅವರನ್ನ!"

"ಮ್ಯಾಲ ಕೂಗಿದ್ದು ಕೇಳಸೂದಿಲ್ರಿ ಮೇಡಂ, ಶೆಡ್ಡಿನ ಸಪ್ಪಳ. ಮನಷ್ಯಾರನ್ನ ಕಳಸ್ತೀವಿ."

ಇಬ್ಬರೂ ಪರದೆಯ ಮುಂದೆ ಬಂದು ನಿಂತರು. ಹತ್ತು ಗಂಟೆ ಎರಡು ನಿಮಿಷ. ಮುನ್ನೂರ ಹದಿನೇಳು ಏರುತ್ತಿತ್ತು. ಎಡಗೈ ಹಿಡಿಕೆಗೆ ಹೋಗಿತ್ತು.

"ಒತ್ತಲ್ರಿ?" ನೀಲಗಂಗಾ ಗುಂಡಿಯ ಮೇಲೆ ಬೆರಳಿಟ್ಟಳು. "ಕೊಕ್ಕಿಗೆ ಭಾರ ಹಾಕಿದ್ರ... ಮೇಡಂ, ಕೆಳಗ ಹುಡುಗೂರು ಇರ್ತಾರ."

"ಭಾರ ಐತೋ ಇಲ್ಲೋ ನಮಗ ಕಾಣೂದಿಲ್ಲ. ಕೈಯಷ್ಟೇ ಕಾಣ್ತೈತಿ." ಮುಲ್ಲಾಳ ಉಸಿರು ಅವಳ ಕುತ್ತಿಗೆಗೆ ತಾಗುತ್ತಿತ್ತು. "ಭಾರ ಇದ್ದು, ಕೈ ಜಾರೂ ಹಂಗಿದ್ರ ಒತ್ತಬೇಕು. ಇಲ್ಲದಿದ್ರ ಒತ್ತಬಾರದು. ಇಬ್ಬರಿಗೂ ಗೊತ್ತಿಲ್ಲ."

ಗೆರೆ ನಡುಗಿತು. ಇಳಿಯಿತು, ಹಲ್ಲುಕಚ್ಚಿ ಮತ್ತೆ ಏರಿತು. ಅವಳು ಆ ನಡುಕವನ್ನು ನಿನ್ನೆ ಕಣ್ಣಾರೆ ಕಂಡಿದ್ದಳು: ಕರಗಿದ ವಿಭೂತಿ, ವಾಲುವ ಅಂಗೈ. ಕೆಳಗೆ ಸರಿದಾಡುವ ಬೊಗಸೆ. ಬೆರಳು ಗುಂಡಿಯ ಮೇಲಿತ್ತು. ಅವಳು ಅದನ್ನು ಕೂದಲೆಳೆಯಷ್ಟು ಮೇಲೆತ್ತಿ ಅಲ್ಲೇ ನಿಲ್ಲಿಸಿದಳು. ಒತ್ತುವುದಕ್ಕಿಂತ ಅದು ಎಷ್ಟೋ ಭಾರವಾಗಿತ್ತು; ಹೆಗಲಿನಿಂದ ನೋವು ಇಳಿದು ಬಂತು.

ಹತ್ತೂ ಆರಕ್ಕೆ ಗೆರೆ ಒಮ್ಮೆಗೇ ಕೆಳಕ್ಕೆ ಬಿತ್ತು.

ಅವಳು ಕಿರುಚಲಿಲ್ಲ. ಬೆರಳೂ ಇಳಿಯಲಿಲ್ಲ. ಬಿದ್ದ ರೀತಿ ಬೇರೆ ಇತ್ತು. ಜಾರಿದ ಕೈ ಒದ್ದಾಡಿ ಬೀಳುತ್ತದೆ. ಇದು ಇಟ್ಟಂತೆ ಬಿದ್ದಿತ್ತು, ಚೂರೂ ಒದ್ದಾಡದೆ. ಬಿಟ್ಟ ಕೈ.

ಫೋನು ಬರಲು ಏಳು ನಿಮಿಷ ಹಿಡಿಯಿತು. ಮುಲ್ಲಾ ಕೇಳಿಸಿಕೊಂಡು ಇಟ್ಟಳು. "ನಿಮ್ಮ ಯಜಮಾನ್ರು ಮೊದಲು ಎಲ್ಲರನ್ನೂ ಶೆಡ್ಡಿನ ಹೊರಗ ಕಳಿಸ್ಯಾರ. ಖಾಲಿ ಕೊಕ್ಕಿ ತಗೊಂಡು ಒಂದು ಕಂಬದ ತನಕ ಹೋಗ್ಯಾರ. ಹಿಡಿಕಿ ಬಿಟ್ಟು, ಇಳಿದು ಬಂದು, 'ಈ ಕೈ ಇನ್ನೂ ನಂದಾಗಿಲ್ಲ, ಸ್ಟೋರಿಗೆ ಬರ್ಕೋರಿ' ಅಂದ್ರಂತ."

ನೀಲಗಂಗಾ ಮೇಜಿನ ಮೇಲೆ ತಲೆಯಿಟ್ಟಳು. ಮುಲ್ಲಾಳ ದನಿ ಕೇಳಿತು. ಸಿಟ್ಟಿರಲಿಲ್ಲ, ಕರುಣೆಯೂ ಇರಲಿಲ್ಲ. "ಈ ಕುರ್ಚಿ ಇನ್ನ ನಿಮ್ಮದಲ್ಲ. ನಿಮಗೂ ಗೊತ್ತೈತಿ. ಆ ನಿಯಮ ಬರದಾಕಿ ನಾನು. ನಮ್ಮ ಅಬ್ಬಾನ ಗೆರಿ ನಾನs ಕಾಯ್ತಿದ್ದೆ ಒಂದ ಕಾಲಕ್ಕ." ಅವಳು ಹಾಳೆಯನ್ನು ಮತ್ತೆ ನೋಡಿದಳು. "ಒಂದು ಮಾತ್ರ ತಿಳೀವಲ್ದು. ಇಷ್ಟು ಒತ್ತಿದ ಮ್ಯಾಲ ಅವರದು ಅನ್ನೂ ಬಲ ಹತ್ತೂ ಇರಬಾರದಿತ್ತು. ಅಬ್ಬಾಗ ಉಳಿದಿದ್ದು ನಾಲ್ಕು. ಇವರದು ಮೂವತ್ತೈತಿ. ಎಲ್ಲಿಂದ ಬಂತು?"

"ಎಂಟೂ ಹನ್ನೆರಡರಿಂದ ಎಂಟೂ ಮೂವತ್ತನಾಲ್ಕು," ಎಂದಳು ನೀಲಗಂಗಾ.

*

ಮಂಗಳವಾರ ಬೆಳಗ್ಗೆ ಅವಳು ಅಡುಗೆಮನೆಯಲ್ಲೇ ನಿಂತಿದ್ದಳು. ಹೋಗಲು ಪಾಳಿ ಇರಲಿಲ್ಲ. ಪಟ್ಟಿ ಇನ್ನು ಇಪ್ಪತ್ತೆಂಟು ದಿನ ಇರುತ್ತದೆ, ಖರೇ ಅಂಕಿಯಿಂದ ಹೊಸದಾಗಿ ಇಳಿಸುತ್ತ ಹೋಗುತ್ತಾರೆ. ಬೇರೆ ಯಾರೋ ಕಾಯುತ್ತಾರೆ. ಮಡಿವಾಳಪ್ಪ ಭಾನುವಾರದಿಂದ ಅವಳಿಗೆ ಆಡಿದ್ದು ನಾಲ್ಕೇ ಮಾತು, ನಾಲ್ಕೂ ಊಟದ ಹೊತ್ತಿನ ಉಪ್ಪಿನ, ನೀರಿನ ಬಗ್ಗೆ.

"ನೀಲಿ," ಪೂಜೆಯ ಕೋಣೆಯಿಂದ ಅತ್ತೆ ಕರೆದಳು. "ಕೈ ತೊಳಕೊಂಡ ಬಾ."

ಹೋದಳು. ಪಟ್ಟಿ ಹೊಸ್ತಿಲ ಹೊರಗೆ ಗೂಡಿನಲ್ಲಿ ಸುರುಳಿಯಾಗಿ ಬಿದ್ದಿತ್ತು. ಗುರಸಿದ್ದವ್ವ ಸೊಂಟ ಹಿಡಿದುಕೊಂಡು ತನ್ನ ಮಣೆಯಿಂದ ಎದ್ದಳು. "ನನ್ನ ರಟ್ಟಿ ಸೋತಾವು. ಕೂಡು."

ನೀಲಗಂಗಾ ಗಂಡನ ಮುಖ ನೋಡಿದಳು. ಅವನು ಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡು ಕೈ ಚಾಚಿದ.

ಅವಳು ಬೊಗಸೆ ಒಡ್ಡಿದಳು.

"ಇನ್ನ ಚೂರ ಕೆಳಗ," ಎಂದಳು ಅತ್ತೆ. "ಹಂಗ. ಬಿದ್ರ ಹಿಡಿ. ಅಲ್ಲೀತನಕ ನೀ ಇಲ್ಲ."

ಅಂಗೈ ವಾಲಿತು. ಅವಳ ಬೆರಳುಗಳೆಲ್ಲ ಒಮ್ಮೆಗೇ ಮೇಲೆ ಹಾರಲು ನೋಡಿದವು, ಅವಳು ಹಿಡಿದಳು. ಬೆವರು ಅವಳ ಬೆನ್ನಿನಲ್ಲೂ ಇಳಿಯತೊಡಗಿತು. ಲಿಂಗ ಅಂಚಿನ ತನಕ ಜಾರಿ ಬಂದು, ಅಲ್ಲಿ ನಿಂತು, ಅವನ ಕಿರುಬೆರಳು ಗಾಳಿಯಲ್ಲಿ ಏನನ್ನೋ ತಡಕಾಡಿ, ದಾರಿ ಸಿಕ್ಕಂತೆ ಮೆಲ್ಲಗೆ ಮಡಚಿಕೊಂಡಿತು. ಲಿಂಗ ಒಳಕ್ಕೆ ಸರಿಯಿತು.

ಮಡಿವಾಳಪ್ಪ ಉಸಿರು ಬಿಡದೆ ತನ್ನ ಕಿರುಬೆರಳನ್ನೇ ನೋಡುತ್ತಿದ್ದ. ಆಮೇಲೆ ಕಣ್ಣೆತ್ತಿ ಅವಳ ಬೊಗಸೆಯನ್ನು ನೋಡಿದ. ಅದು ಖಾಲಿ ಇತ್ತು.

"ನೀ ಒತ್ತಿಲ್ಲಲ್ಲ?" ಎಂದ.

"ಇಲ್ರಿ."

ಊರಿನ ಆ ತುದಿಯ ಪರದೆಯ ಮೇಲೆ, ಆ ಹೊತ್ತಿಗೆ, ಗೆರೆ ಇರಲಿಲ್ಲ.